ಗುಡಗೇರಿಯ ಆರೂವರೆ

1988ರಲ್ಲಿ ನಾನು ನವಲಗುಂದದ ದೂರವಾಣಿ ಎಕ್ಸ್‌ಚೇಂಜಿನಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ವಾಸ ಹುಟ್ಟೂರಾದ ಮೊರಬದಲ್ಲಿ. ಹಗಲೆಲ್ಲ ಇಲಾಖೆಯ ತಂತಿಗಳಲ್ಲಿ ದೋಷ ಹುಡುಕುವ ಕೆಲಸ, ಬೆಳಿಗ್ಗೆ ಸಂಜೆ ತಂತಿಯೇ ಇಲ್ಲದ ಹವ್ಯಾಸ. ಹವ್ಯಾಸಿ ರೇಡಿಯೋ ಎಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಮತ್ತು ಕಾಲ್‌ಸೈನ್ ಎಂಬ ಗುರುತಿನ ಅಕ್ಷರಗಳನ್ನು ಪಡೆದು, ಮನೆಯಿಂದಲೇ ಉಳಿದ ಹವ್ಯಾಸಿಗಳೊಂದಿಗೆ ರೇಡಿಯೋದಲ್ಲಿ ಮಾತಾಡುವುದು. ನಮ್ಮಂಥವರಿಗೆ ಹ್ಯಾಮ್‌ಗಳು ಎನ್ನುತ್ತಾರೆ. ನನ್ನ ಮಾಳಿಗೆಯ ಮೇಲಿನ ಆಂಟೆನಾ ನೋಡಿದ ಊರವರು, ಇಷ್ಟು ದೊಡ್ಡದು ಹಾಕಿಯೂ ಇವನ ಮನೆಯ ಟಿ.ವಿ. ಯಾಕೆ ಮಸುಕು ಎಂದು ಕೇಳುತ್ತಿದ್ದರು. ಉತ್ತರ ನನ್ನ ಬಳಿಯೂ ಇರಲಿಲ್ಲ.

ಆ ವರ್ಷ ನಾವು ಕೈಹಾಕಿದ್ದು ಪ್ಯಾಕೆಟ್ ರೇಡಿಯೋಗೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಮಾತನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಕಳಿಸಿದವರ ಮತ್ತು ಪಡೆಯುವವರ ಕಾಲ್‌ಸೈನ್ ಅಂಟಿಸಿ, ಸದ್ದಿನ ರೂಪದಲ್ಲಿ ರೇಡಿಯೋಗೆ ಕೊಡುವ ವಿಧಾನ ಅದು. ಈ ಕೆಲಸ ಮಾಡುವ ಉಪಕರಣಕ್ಕೆ ಟಿ.ಎನ್.ಸಿ. ಎಂದು ಹೆಸರು. ನಾವು ಡಬ್ಬಿ ಎನ್ನುತ್ತಿದ್ದೆವು. ಆಚೆ ಕಡೆಯ ಡಬ್ಬಿ ತುಂಡನ್ನು ಪರೀಕ್ಷಿಸಿ, ಸರಿಯಾಗಿದ್ದರೆ ತಾನೇ 'ಮುಟ್ಟಿತು' ಎಂಬ ರಸೀದಿಯನ್ನು ವಾಪಸ್ಸು ಕಳಿಸುತ್ತದೆ. ರಸೀದಿ ಬಾರದಿದ್ದರೆ ಈಚೆಯ ಡಬ್ಬಿ ಅದೇ ತುಂಡನ್ನು ಮತ್ತೆ ಮತ್ತೆ ಕಳಿಸುತ್ತದೆ. ಅಲ್ಲಿ ಓದುವವರು ಇದ್ದಾರೋ ಇಲ್ಲವೋ ಎಂಬುದು ಎರಡೂ ಡಬ್ಬಿಗಳಿಗೆ ಸಂಬಂಧಪಟ್ಟ ವಿಷಯವಲ್ಲ.

ಈ ಪ್ರಯೋಗದಲ್ಲಿ ನನ್ನ ಜೊತೆಗಾರರು ಕಲಘಟಗಿ ತಾಲೂಕಿನ ತಂಬೂರಿನ ದೇವಪ್ಪ ಮಾಸ್ತರು. ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರು, ಐವತ್ತೈದರ ಆಸುಪಾಸು, ಬೆಸುಗೆಯ ಕೆಲಸದಲ್ಲಿ ನನಗಿಂತ ಕೈ ಚೊಕ್ಕ. ಎರಡು ಹೋಮ್ ಕಂಪ್ಯೂಟರು, ಕಿಟ್ ತರಿಸಿ ನಾವೇ ಜೋಡಿಸಿದ ಮೂರು ಡಬ್ಬಿ, ಗುಜರಿಯಲ್ಲಿ ಆರಿಸಿ ತಂದು ಸರಿಪಡಿಸಿದ ಮೂರು ವಿ.ಎಚ್.ಎಫ್. ರೇಡಿಯೋ ಸೆಟ್ಟು, ಇದು ನಮ್ಮ ಆಸ್ತಿ. ಮೂರು ತಿಂಗಳ ಪ್ರಯೋಗಕ್ಕೆ ಅನುಮತಿ ಸಿಕ್ಕಿತ್ತು, ಕೊನೆಯಲ್ಲಿ ವರದಿ ಕೊಡಬೇಕಿತ್ತು.

ಮೊರಬದಿಂದ ತಂಬೂರಿಗೆ ನೇರ ಸಂಪರ್ಕ ಸಾಧ್ಯವಾಗಲಿಲ್ಲ. ನಮ್ಮದು ಎರೆಭೂಮಿ, ಅಂಗೈ ಹಾಗೆ ಸಪಾಟು. ಅವರ ಕಡೆ ನೆಲ ಏರುತ್ತ ಇಳಿಯುತ್ತ ಹೋಗುತ್ತದೆ. ಒಂದು ಕಡೆಯಿಂದ ಬಂದದ್ದನ್ನು ಹಿಡಿದು ಇನ್ನೊಂದು ಕಡೆಗೆ ದಾಟಿಸುವ ಮೂರನೆಯ ನಿಲ್ದಾಣ ಬೇಕಾಯಿತು. ಇದಕ್ಕೆ ಡಿಜಿಪೀಟರ್ ಎನ್ನುತ್ತಾರೆ. ಇದಕ್ಕೆ ಕಂಪ್ಯೂಟರು ಬೇಡ, ಪರದೆ ಬೇಡ, ಮನುಷ್ಯನೂ ಬೇಡ. ಡಬ್ಬಿ, ಸೆಟ್ಟು, ಬ್ಯಾಟರಿ ಮತ್ತು ಎತ್ತರದ ಆಂಟೆನಾ ಇದ್ದರಾಯಿತು.

ಜಾಗ ಸೂಚಿಸಿದವರು ದೇವಪ್ಪ ಮಾಸ್ತರೇ. "ಗುಡಗೇರಿ ತಾರ್ ಕಾಕಾರ ಮನಿ ಐತಲ್ರಿ. ಸ್ಟೇಷನ್ ಹಿಂದ, ಐವತ್ತು ಫೂಟಿನ ಕಂಬ ಇನ್ನೂ ನಿಂತೈತಿ."

ತಾರ್ ಕಾಕಾ ಎಂದರೆ ಗುರುಶಾಂತಪ್ಪನವರು. ರೈಲ್ವೆಯಲ್ಲಿ ಮೂವತ್ತು ವರ್ಷ ಟೆಲಿಗ್ರಾಫ್ ಕೆಲಸ ಮಾಡಿ ನಿವೃತ್ತರಾದವರು, ನಮ್ಮ ಜಿಲ್ಲೆಯ ಹ್ಯಾಮ್‌ಗಳಲ್ಲಿ ಎಲ್ಲರಿಗಿಂತ ಹಿರಿಯರು. ಮೋರ್ಸ್‌ನಲ್ಲಿ, ಅಂದರೆ ಕಟ್ಟ-ಕಡ ಸದ್ದಿನ ತಂತಿ ಭಾಷೆಯಲ್ಲಿ, ಅವರ ವೇಗಕ್ಕೆ ನಾವು ಯಾರೂ ಸಮ ಬರುತ್ತಿರಲಿಲ್ಲ. ಅವರೂ ದೇವಪ್ಪ ಮಾಸ್ತರೂ ಇಪ್ಪತ್ತು ವರ್ಷ ಪ್ರತಿದಿನ ಬೆಳಿಗ್ಗೆ ಆರೂವರೆಗೆ ಮೋರ್ಸ್‌ನಲ್ಲಿ ಮಾತಾಡುತ್ತಿದ್ದರು. ಎರಡು ವರ್ಷದ ಹಿಂದೆ ಅದು ನಿಂತಿತ್ತು. ಟ್ರಾನ್ಸ್‌ಮಿಟರ್ ಸುಟ್ಟಿದೆ, ಬಿಡಿಭಾಗ ಸಿಗುತ್ತಿಲ್ಲ ಎಂದು ಗುರುಶಾಂತಪ್ಪನವರು ಒಂದು ಕಾರ್ಡು ಬರೆದಿದ್ದರು.

"ಬಸ್ಸು ಹತ್ತಿ ಹೋಗಿ ನೋಡಬಾರದಿತ್ತೇನ್ರಿ?" ಎಂದು ನಾನು ಕೇಳಿದೆ.

"ಹೋಗಿದ್ನಿರಿ. ಮನ್ಯಾಗ ಇಲ್ಲ ಅಂದ್ರು ಕಾಕು. ಒಳಗ ಕೆಮ್ಮಿದ್ದು ನನಗ ಕೇಳಿಸ್ತು." ಮಾಸ್ತರು ಬೆಸುಗೆಯಿಂದ ಕಣ್ಣೆತ್ತಲಿಲ್ಲ. "ನಾ ಏನ್ ತಪ್ಪು ಮಾಡೀನೋ ಏನೋ. ನೀವು ಹೋದಾಗ ಅರಾಮ ಅದಾರೋ ಇಲ್ಲೋ ನೋಡಿಕೊಂಡು ಬರ್ರಿ, ಸಾಕು."

ನವೆಂಬರ್ ಮೊದಲ ವಾರ ಗುಡಗೇರಿಗೆ ಡಬ್ಬಿ ಹೊತ್ತುಕೊಂಡು ಹೋದೆ. ಗುರುಶಾಂತಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ರೂಢಿ ಅವರಿಗೆ ಇದ್ದಂತೆ ಕಾಣಲಿಲ್ಲ. ಆಂಟೆನಾ ಬಗ್ಗೆ ಕೇಳಿದರೆ ಮಳೆಯ ಬಗ್ಗೆ ಹೇಳಿದರು. ಮಳೆಯ ಬಗ್ಗೆ ನಾನೂ ಒಂದು ಮಾತು ಆಡಿದರೆ ಸುಮ್ಮನೆ ಒಳಗೆದ್ದು ಹೋದರು. ಅವರ ಹೆಂಡತಿ ನೀಲವ್ವ ಕಾಕು ಮಾತ್ರ ನಡುವೆ ಬಂದು, "ಅವರ ಕೂಡ ಏನ್ ಮಾತಾಡ್ತೀರಿ ಬಿಡ್ರಿ ಸಾಹೇಬ್ರ. ನನಗ ಹೇಳ್ರಿ, ನಾ ತಿಳಿಸ್ತೀನಿ" ಎನ್ನುತ್ತಿದ್ದರು. ಹಳೆಯ ಸರ್ಕಾರಿ ನೌಕರರ ಗತ್ತು ನಾನು ಬೇಕಾದಷ್ಟು ನೋಡಿದ್ದೆ. ಇದೂ ಅದೇ ಎಂದುಕೊಂಡೆ.

ಡಬ್ಬಿ ಜೋಡಿಸಿ ದೀಪಗಳು ಮಿನುಗತೊಡಗಿದಾಗ ಅವರು ಹತ್ತಿರ ಬಂದು ನಿಂತರು. "ಏನ್ ಮಾಡ್ತೈತಿ ಇದು?"

ಅವರ ಮುಖ ನೋಡಿ ಹೇಳಿದೆ: "ಬಂದದ್ದು ಹಿಡದು ಮುಂದ ಒಗೀತೈತಿ ಕಾಕಾ. ನೀವೇನೂ ಮಾಡೂದು ಬ್ಯಾಡ."

"ಅಂದ್ರ ನಾ ಬರೇ ಬ್ಯಾಟರಿಗೆ ನೀರು ಹಾಕಾಂವ," ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಜಿಲ್ಲೆಯ ಅತ್ಯುತ್ತಮ ಆಪರೇಟರನ ಮನೆಯಲ್ಲಿ ಓದಲು ಒಂದು ಅಕ್ಷರವನ್ನೂ ತೋರಿಸದ ಪೆಟ್ಟಿಗೆ ಇಟ್ಟು ಬರುತ್ತಿದ್ದೇನೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ತಂಬೂರಿಗೆ, ಕಾಕಾ ಅರಾಮ ಇದ್ದಾರೆ ಎಂದು ತಿಳಿಸಿದೆ.

ಸಂಪರ್ಕ ಚೆನ್ನಾಗಿಯೇ ನಡೆಯಿತು. ಮೊರಬದಲ್ಲಿ ಒತ್ತಿದ ಅಕ್ಷರ ಗುಡಗೇರಿಯ ಮೂಲಕ ತಂಬೂರಿನ ಪರದೆಯ ಮೇಲೆ ಮೂಡುತ್ತಿತ್ತು. ಕನ್ನಡ ಲಿಪಿ ಆ ಯಂತ್ರಗಳಿಗೆ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದೆವು, ಓದುವಾಗ ಮುಖ ಓರೆಯಾಗುತ್ತಿತ್ತು, ಆದರೂ ಓದುತ್ತಿದ್ದೆವು. ಸಂಪರ್ಕದ ಆರೋಗ್ಯ ತಿಳಿಯಲು ನಾನು ಐದು ನಿಮಿಷಕ್ಕೊಮ್ಮೆ ಗುಡಗೇರಿಯಿಂದ ಮರಳಿ ಕೇಳಿಸುವಂತೆ ಒಂದು ಪರೀಕ್ಷಾ ತುಂಡನ್ನು ತಾನಾಗಿ ಕಳಿಸುವ ಏರ್ಪಾಡು ಮಾಡಿದ್ದೆ.

ಎರಡನೆಯ ವಾರದಲ್ಲಿ ದೋಷ ಕಂಡಿತು. ದಿನಾ ಬೆಳಿಗ್ಗೆ ಆರೂವರೆಗೆ ಗುಡಗೇರಿ ಮಾಯ. ಆರೂ ಮುಕ್ಕಾಲಿಗೆ ಮತ್ತೆ ಹಾಜರು. ಒಂದು ದಿನವೂ ತಪ್ಪಲಿಲ್ಲ.

ತಾನಾಗಿ ಬಂದು ತಾನಾಗಿ ಹೋಗುವ ದೋಷ ದೂರವಾಣಿಯವರಿಗೆ ಹೊಸದಲ್ಲ. ಮಳೆ ಬಂದಾಗಲಷ್ಟೇ ಕೆಡುವ ಲೈನು, ಗಾಳಿ ಬೀಸಿದಾಗಲಷ್ಟೇ ಕೆಡುವ ಲೈನು ಎಲ್ಲವನ್ನೂ ನೋಡಿದ್ದೆ. ಆದರೆ ಗಡಿಯಾರ ನೋಡಿ ಕೆಡುವ ದೋಷವನ್ನು ನೋಡಿರಲಿಲ್ಲ. ಹಾದು ಹೋಗುವ ಗಾಡಿಯ ಅದುರು ಇರಬಹುದೇ ಎಂದುಕೊಂಡರೆ ಬೆಳಗಿನ ಪ್ಯಾಸೆಂಜರಿನ ಸಮಯ ಆರೂ ಹತ್ತು. ಕರೆಂಟು ಕಾರಣ ಎನ್ನೋಣವೆಂದರೆ ಡಬ್ಬಿ ನಡೆಯುವುದು ಬ್ಯಾಟರಿಯ ಮೇಲೆ. ತಂಬೂರಿನವರು ಆ ಹೊತ್ತಿಗೆ ಏನು ಕಾಣುತ್ತಾರೆ ಎಂದು ವಿಚಾರಿಸಿದೆ. "ಆಗ ನಾ ಬ್ಯಾರೆ ಸೆಟ್ಟಿನ ಮ್ಯಾಲ ಇರ್ತೀನ್ರಿ" ಎಂಬ ಉತ್ತರ ಪರದೆಯ ಮೇಲೆ ಬಂತು. ನನ್ನ ತಲೆಗೆ ಆಗಲೂ ಹೋಗಲಿಲ್ಲ. ನೀಲವ್ವ ಕಾಕುಗೆ ಕಾರ್ಡು ಬರೆದೆ. ಡಬ್ಬಿ ಸರಿ ಇದೆ, ಚಿಂತೆ ಬೇಡ ಎಂದು ಅವರು ಯಾರ ಕೈಯಲ್ಲೋ ಬರೆಸಿದ ಉತ್ತರ ಬಂತು.

ಡಿಸೆಂಬರ್ ಹೊತ್ತಿಗೆ ನನ್ನ ತಾಳ್ಮೆ ತೀರಿತು. ಪ್ರಯೋಗದ ರಿಜಿಸ್ಟರಿನಲ್ಲಿ ಬರೆದೆ: 'ಗುಡಗೇರಿ ನಿಲ್ದಾಣ ನಂಬಲರ್ಹವಲ್ಲ. ಉಪಕರಣ ತೆಗೆದು ಬೇರೆಡೆ ಸ್ಥಾಪಿಸುವುದು.' ಒಂದು ಬುಧವಾರ ಕುಂದಗೋಳಕ್ಕೆ ಹೋಗಿ ಅಲ್ಲಿಯ ಎಕ್ಸ್‌ಚೇಂಜಿನಲ್ಲಿ ಉಳಿದು, ಗುರುವಾರ ನಸುಕಿನಲ್ಲಿ ಅಲ್ಲಿಯ ಲೈನ್‌ಮನ್‌ನ ಬೈಕು ಕಡ ತೆಗೆದುಕೊಂಡು ಗುಡಗೇರಿಗೆ ಹೊರಟೆ. ಡಬ್ಬಿ ಬಿಚ್ಚಿಕೊಂಡು ಬರುವ ಚೀಲವೂ ಜೊತೆಗಿತ್ತು.

ಆರೂ ಇಪ್ಪತ್ತೆಂಟಕ್ಕೆ ಅವರ ಮನೆ ಮುಟ್ಟಿದೆ. ನೀಲವ್ವ ಕಾಕು ಅಂಗಳಕ್ಕೆ ನೀರು ಹಾಕುತ್ತಿದ್ದವರು ನನ್ನನ್ನು ನೋಡಿ ಬಾಗಿಲಿಗೆ ಅಡ್ಡ ಬಂದರು.

"ಈಗ ಬ್ಯಾಡ್ರಿ ಸಾಹೇಬ್ರ. ಹತ್ತು ನಿಮಿಷ ಕುಂದರ್ರಿ, ಚಾ ಮಾಡ್ತೀನಿ."

"ಇದ ಹೊತ್ತಿನ್ಯಾಗ ನೋಡಬೇಕ್ರಿ ಕಾಕು," ಎಂದು ಒಳಗೆ ನಡೆದೆ.

ಡಬ್ಬಿಯ ದೀಪಗಳು ಆರಿದ್ದವು. ಅದರ ಬ್ಯಾಟರಿಯ ಎರಡು ಕ್ಲಿಪ್ಪುಗಳು ಹಳೆಯ ರಿಸೀವರಿಗೆ ಹೋಗಿದ್ದವು. ರಿಸೀವರಿನ ಸ್ಪೀಕರನ್ನು ಪೆಟ್ಟಿಗೆಯಿಂದ ಬಿಚ್ಚಿ, ಮಡಿಸಿದ ಟವೆಲ್ಲಿನ ಮೇಲೆ ಅಂಗಾತ ಇಡಲಾಗಿತ್ತು. ಗುರುಶಾಂತಪ್ಪನವರು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಎಡಗೈಯ ಮೂರು ಬೆರಳು ಸ್ಪೀಕರಿನ ಕಾಗದದ ಮೇಲೆ, ಬಲಗೈಯಲ್ಲಿ ಪೆನ್ಸಿಲ್ಲು, ಮುಂದೆ ತೆರೆದ ಪುಸ್ತಕ. ಸದ್ದನ್ನು ಬಹಳ ದಪ್ಪಗೆ ಇಳಿಸಿದ್ದರು, ಕೋಣೆಯಲ್ಲಿ ದುಂಬಿ ಹೊಕ್ಕ ಹಾಗಿತ್ತು. ಆದರೂ ಅದು ಮೋರ್ಸ್. ಉದ್ದ ಸದ್ದನ್ನು ಕೂದಲೆಳೆಯಷ್ಟು ಎಳೆಯುವ ಕೈ. ದೇವಪ್ಪ ಮಾಸ್ತರದು. ಮೋರ್ಸ್‌ನಲ್ಲಿ ಪ್ರತಿಯೊಬ್ಬರ ಕೈಗೂ ಅದರದೇ ನಡಿಗೆ ಇರುತ್ತದೆ, ನಾವು ಅದನ್ನೇ 'ಕೈ' ಎನ್ನುತ್ತೇವೆ. ಗುರುಶಾಂತಪ್ಪನವರ ಕಾಲ್‌ಸೈನ್, ಮಾಸ್ತರ ಕಾಲ್‌ಸೈನ್, ನಂತರ ಒಂದು ಪ್ರಶ್ನೆ: 'ಗಾಡಿ ಎಷ್ಟು ಲೇಟು?' ಒಂದು ನಿಮಿಷ ಮೌನ. ಮತ್ತೆ ಅದೇ. ಮತ್ತೆ ಮೌನ. ಮೂರನೆಯ ಸಲ ಕಳಿಸಿ, ಹ್ಯಾಮ್‌ಗಳು ಶುಭಾಶಯಕ್ಕೆ ಬಳಸುವ 73 ಎಂಬ ಸಂಖ್ಯೆ ಒತ್ತಿ ಮಾಸ್ತರು ಮುಗಿಸಿದರು. ಗುರುಶಾಂತಪ್ಪನವರು ಪುಸ್ತಕದಲ್ಲಿ 12 ಎಂದು ಬರೆದರು.

"ಕಾಕಾ," ಎಂದೆ. ತಿರುಗಲಿಲ್ಲ. ಜೋರಾಗಿ ಕರೆದೆ. ಆಗಲೂ ಇಲ್ಲ. ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದು, ಮೊದಲು ಮಾಡಿದ ಕೆಲಸ ಪುಸ್ತಕ ಮುಚ್ಚಿದ್ದು.

ಹಿಂದಿನಿಂದ ನೀಲವ್ವ ಕಾಕು ಹೇಳಿದರು: "ಕಿವಿ ಹೋಗಿ ಎರಡು ವರ್ಷಾತ್ರಿ. ಯಾರ ಮುಂದೂ ಹೇಳಬ್ಯಾಡಂದಾರ."

ಗುರುಶಾಂತಪ್ಪನವರು ನನ್ನ ಕೈಯಲ್ಲಿದ್ದ ಖಾಲಿ ಚೀಲ ನೋಡಿದರು. "ಡಬ್ಬಿ ಬೇಕಾದ್ರ ತಗೊಂಡು ಹೋಗು ತಮ್ಮಾ. ಅದು ಚಾಲೂ ಇದ್ರ ಸ್ಪೀಕರಿನ್ಯಾಗ ಬರೇ ಜುಮು ಜುಮು ಅಂತೈತಿ, ಬೆರಳಿಗೆ ಅಂವಾ ಸಿಗೂದಿಲ್ಲ. ಅದಕ್ಕ ಹದಿನೈದು ನಿಮಿಷ ತಗೀತಿದ್ದೆ. ತಪ್ಪಾತು. ದೇವಪ್ಪಗ ಮಾತ್ರ ಹೇಳಬ್ಯಾಡ."

ನಾನು ಕೂತು, ತುಟಿ ಕಾಣುವಂತೆ ಅವರ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಕೇಳಿದೆ: "ಟ್ರಾನ್ಸ್‌ಮಿಟರ್ ಸುಟ್ಟಿಲ್ಲ ಅಲ್ರಿ?"

"ಇಲ್ಲ. ಅಗದಿ ಛಲೋ ಐತಿ."

"ಮತ್ತ ಉತ್ತರ ಯಾಕ ಕೊಡಲಿಲ್ರಿ? ಮಾಸ್ತರು ಕೇಳಿದ್ದು ನಿಮಗ ತಿಳದೈತಿ."

"ಇಪ್ಪತ್ತು ವರ್ಷ ಕೇಳಿದ್ದ ಪ್ರಶ್ನಿ, ಬೆರಳಿಗೆ ಗುರ್ತು ಸಿಗತೈತಿ. ನಾ ಉತ್ತರ ಕೊಟ್ಟೆ ಅನ್ನು. ಅಂವಾ ಖುಷಿಯಾಗಿ ಮುಂದ ಮತ್ತೇನರ ಕಳಿಸತಾನ. ಹೊಸಾ ಮಾತು ನನಗ ಬೆರಳಿನ್ಯಾಗ ತಿಳಿಯೂದಿಲ್ಲ. ಪೂರ್ತಿ ತಗೊಳ್ಳಲಾರದ ಆರ್ ಹ್ಯಾಂಗ ಕೊಡಲಿ?"

ಇದನ್ನು ಸ್ವಲ್ಪ ವಿವರಿಸಬೇಕು. ಮೋರ್ಸ್‌ನಲ್ಲಿ ಆರ್ ಅಕ್ಷರಕ್ಕೆ 'ಪೂರ್ತಿ ಮುಟ್ಟಿತು' ಎಂದು ಅರ್ಥ. ಮುಕ್ಕಾಲು ಮುಟ್ಟಿದರೆ ಆರ್ ಕೊಡುವ ಹಾಗಿಲ್ಲ. ಹವ್ಯಾಸಿಗಳಾದ ನಾವು ಒಂದೆರಡು ಪದ ಬಿಟ್ಟುಹೋದರೂ ಮುಲಾಜಿಗೆ ಆರ್ ಒತ್ತಿಬಿಡುತ್ತೇವೆ. ಗುರುಶಾಂತಪ್ಪನವರು ಒಂಟಿ ಹಳಿಯ ರೈಲು ದಾರಿಯಲ್ಲಿ ದುಡಿದವರು. ಅಲ್ಲಿ ಅರ್ಧ ಕೇಳಿ ಆರ್ ಕೊಟ್ಟರೆ ಎದುರುಬದುರು ಎರಡು ಗಾಡಿ ಬರುತ್ತವೆ. ಮೂವತ್ತು ವರ್ಷದಲ್ಲಿ ಒಂದು ಸುಳ್ಳು ಆರ್ ಕೊಟ್ಟವರಲ್ಲ. ಗೆಳೆಯನಿಗೂ ಕೊಡಲು ಕೈ ಬರಲಿಲ್ಲ, ಕಿವಿ ಹೋಯಿತು ಎನ್ನಲು ಬಾಯಿ ಬರಲಿಲ್ಲ. ಜೊತೆಗೆ, ಕಿವುಡನ ಲೈಸೆನ್ಸು ಕಸಿದುಕೊಳ್ಳುತ್ತಾರೆ ಎಂಬ ಹೆದರಿಕೆ ಬೇರೆ. ಅಂಥ ನಿಯಮವನ್ನು ನಾನು ಎಲ್ಲೂ ಓದಿಲ್ಲ ಎಂದು ಹೇಳಿದೆ. ನಂಬಿದಂತೆ ಕಾಣಲಿಲ್ಲ.

ನನ್ನ ಅಂಗಿಯ ಕಿಸೆಯಲ್ಲಿ 'ನಂಬಲರ್ಹವಲ್ಲ' ಎಂದು ಬರೆದ ಟಿಪ್ಪಣಿಯ ಪ್ರತಿ ಇತ್ತು. ನನಗೆ ನಾಚಿಕೆಯಾಯಿತು. ಚಹಾ ಕುಡಿದು, ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕಿ, ಖಾಲಿ ಚೀಲದೊಂದಿಗೆ ವಾಪಸ್ಸು ಬಂದೆ.

ಶನಿವಾರ ಸಂಜೆ ತಂಬೂರಿಗೆ ಸಂದೇಶ ಕಳಿಸಿದೆ: ನಾಳೆ ಬೆಳಿಗ್ಗೆ ಆರೂವರೆಗೆ ಪ್ಯಾಕೆಟ್ ಮೇಲೆ ಬರಬೇಕು. ಮಾಸ್ತರು ಒಪ್ಪಲಿಲ್ಲ. ಆ ಹೊತ್ತಿಗೆ ಬೇರೆ ಕೆಲಸವಿದೆ, ಆರೂ ಮುಕ್ಕಾಲಿಗೆ ಬರುತ್ತೇನೆ ಎಂದರು. ಒಂದು ದಿನ ಬಿಡಿ ಎಂದೆ. 'ಎರಡು ವರ್ಷ ಬಿಟ್ಟಿಲ್ಲ' ಎಂದು ಪರದೆಯ ಮೇಲೆ ಮೂಡಿತು. ಇಬ್ಬರೂ ಒಂದೇ ಹಟದವರು, ನಡುವೆ ಸಿಕ್ಕವನು ನಾನು. ಆಗಲಿ ಎಂದು ಬರೆದು, ನನ್ನ ಕಂಪ್ಯೂಟರನ್ನೂ ಸಣ್ಣ ಟಿ.ವಿ.ಯನ್ನೂ ಗೋಣಿಚೀಲದಲ್ಲಿ ಕಟ್ಟಿ ಕೊನೆಯ ಬಸ್ಸಿಗೆ ಹೊರಟೆ. ಮೊರಬದ ನಿಲ್ದಾಣ ಅಂದು ಮುಚ್ಚಿತು.

ಭಾನುವಾರ ಬೆಳಿಗ್ಗೆ ಗುರುಶಾಂತಪ್ಪನವರಿಗೆ ಕೀಬೋರ್ಡು ತೋರಿಸಿದೆ. ದೇವಪ್ಪ ಮಾಸ್ತರು ಬರೆದದ್ದು ಇಲ್ಲಿ ಅಕ್ಷರವಾಗಿ ಮೂಡುತ್ತದೆ, ಕಿವಿ ಬೇಡ ಎಂದೆ. ಅವರು ಅನುಮಾನದಿಂದ ನೋಡಿದರು.

"ಇದರಾಗ ಅವನ ಕೈ ಎಲ್ಲೈತಿ?"

ಕೈ ಇಲ್ಲ ಎಂದು ಒಪ್ಪಿಕೊಂಡೆ. ಬಂದ ತುಂಡಿಗೆ ಡಬ್ಬಿ ತಾನೇ ರಸೀದಿ ಕೊಡುತ್ತದೆ, ನೀವು ಚಿಂತಿಸುವ ಕಾರಣವಿಲ್ಲ ಎಂದು ಹೆಮ್ಮೆಯಿಂದ ಸೇರಿಸಿದೆ. ಅವರಿಗೆ ಸಿಟ್ಟು ಬಂತು.

"ಓದಾಂವ ನಾನು. ರಸೀದಿ ಕೊಡಾಕ ಅದ್ಯಾರಲೇ?"

ಆರೂವರೆಗೆ ಎಂದಿನಂತೆ ಬೆರಳಿನಲ್ಲಿ ಪ್ರಶ್ನೆ ತೆಗೆದುಕೊಂಡರು, ಪುಸ್ತಕದಲ್ಲಿ 7 ಎಂದು ಬರೆದರು. ಆಮೇಲೆ ಕ್ಲಿಪ್ಪು ಬದಲಿಸಿದೆವು. ತಂಬೂರು ಜೋಡಣೆಯಾಯಿತು. ತಮ್ಮ ಕಾಲ್‌ಸೈನನ್ನು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ಉತ್ತರ ಕೂಡಲೇ ಬಂತು: 'ಎಂಜಿನಿಯರ್ ಸಾಹೇಬ್ರ, ಆ ಕಾಲ್‌ಸೈನ್ ಹಾಕಿ ಚ್ಯಾಷ್ಟಿ ಮಾಡಬ್ಯಾಡ್ರಿ.'

ಎರಡು ವರ್ಷದ ಮೇಲೆ ಗೆಳೆಯನಿಂದ ಅವರಿಗೆ ಪೂರ್ತಿ ಮುಟ್ಟಿದ ಮೊದಲ ಹೊಸ ಮಾತು ಅದು, ಅದೂ ಬೈಗುಳ. ಗುರುಶಾಂತಪ್ಪನವರು ಎರಡು ಸಲ ಓದಿ ನಕ್ಕರು. ಮತ್ತೆ ಒತ್ತಿದರು: 'ಗಾಡಿ 7 ನಿಮಿಷ ಲೇಟು.'

ತಂಬೂರಿನ ಡಬ್ಬಿ ರಸೀದಿ ಕೊಟ್ಟಿತು. ಮನುಷ್ಯರಿಂದ ಏನೂ ಬರಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಸಂಪರ್ಕ ಕಡಿಯಿತೇ ಎಂದು ನಾನು ದೀಪ ನೋಡಿದೆ, ಕಡಿದಿರಲಿಲ್ಲ. ಆಮೇಲೆ ಒಂದೇ ಪದ ಮೂಡಿತು: 'ನಿನ್ನೆ?'

ಗುರುಶಾಂತಪ್ಪನವರು ಪುಸ್ತಕ ತೆರೆದರು. ಆಗ ನಾನು ಅದನ್ನು ಸರಿಯಾಗಿ ನೋಡಿದೆ. ಹ್ಯಾಮ್‌ಗಳು ನಡೆಸಬೇಕಾದ ದಿನಚರಿ ಪುಸ್ತಕವೇ. ದಿನಾಂಕ, ಆರೂವರೆ, ದೇವಪ್ಪ ಮಾಸ್ತರ ಕಾಲ್‌ಸೈನ್, ಪಕ್ಕದಲ್ಲಿ ಒಂದು ಸಂಖ್ಯೆ. ಹಿಂದಿನ ಪುಟ, ಅದರ ಹಿಂದಿನ ಪುಟ, ಎರಡು ವರ್ಷದ್ದೂ ಇತ್ತು. ದಿನಾ ಸ್ಟೇಷನ್ನಿಗೆ ಹೋಗಿ, ಗಾಡಿ ನೋಡಿ, ವಾಚು ನೋಡಿ, ಬಂದು ಕೂತು, ಪ್ರಶ್ನೆ ತೆಗೆದುಕೊಂಡು, ಉತ್ತರ ಬರೆದು, ಕಳಿಸದೆ ಇಟ್ಟಿದ್ದರು.

'ನಿನ್ನೆ 14. ಮೊನ್ನೆ ಸರಿ ಹೊತ್ತಿಗೆ. ಗುರುವಾರ 12.' ಕೇಳದಿದ್ದರೂ ಹಿಂದೆ ಹಿಂದೆ ಹೋದರು. ಹದಿನೈದು ದಿನದ್ದು ಕಳಿಸಿದ ಮೇಲೆ ಬೆರಳು ನಿಂತಿತು. ನನ್ನ ಕಡೆ ನೋಡಲಿಲ್ಲ, ನೀಲವ್ವ ಕಾಕು ಕಡೆ ನೋಡಿದರು. ಆಕೆ, "ಹೇಳ್ರಿ, ಹೇಳಿಬಿಡ್ರಿ" ಎಂದರು. ಅವರು ಒಂದೊಂದೇ ಅಕ್ಷರ ಒತ್ತಿದರು: 'ನನಗ ಕಿವಿ ಕೇಳೂದಿಲ್ಲ. ಎರಡು ವರ್ಷಾತು. ನಿನ್ನ ಪ್ರಶ್ನಿ ದಿನಾ ಮುಟ್ಟೈತಿ.'

ಪರದೆಯ ಮೇಲೆ ಒಂದು ಅಕ್ಷರ ಬಂತು. ಆರ್.

"ಪೂರ್ತಿ ತಗೊಂಡಾನ," ಎಂದು ಗುರುಶಾಂತಪ್ಪನವರು ಹೆಂಡತಿಗೆ ಹೇಳಿದರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಾನು ಹೊರಗೆ ಹೋಗಿ ಕಂಬದ ಬಿಗಿತಂತಿಗಳನ್ನು ಪರೀಕ್ಷಿಸಿದೆ. ಅವು ಸರಿಯಾಗಿಯೇ ಇದ್ದವು.

ಕಂಪ್ಯೂಟರು ಗುಡಗೇರಿಯಲ್ಲೇ ಉಳಿಯಿತು. ನನಗೆ ಇನ್ನೊಂದು ಹೊಂದಿಸಿಕೊಳ್ಳಲು ಎರಡು ತಿಂಗಳು ಹಿಡಿಯಿತು. ಅವರಿಬ್ಬರೂ ಪರದೆಯ ಮೇಲೆ ಬೇಕಾದಷ್ಟು ಮಾತಾಡತೊಡಗಿದ ಮೇಲೂ ಆರೂವರೆಯ ಮೋರ್ಸ್ ನಿಲ್ಲಲಿಲ್ಲ, ಡಬ್ಬಿ ಆ ಹದಿನೈದು ನಿಮಿಷ ಆರಿಯೇ ಇರುತ್ತಿತ್ತು. ಇನ್ನು ಅದರ ಅಗತ್ಯವೇನು ಎಂದು ಕೇಳಿದ್ದಕ್ಕೆ ಗುರುಶಾಂತಪ್ಪನವರು, "ಮಾತು ನಿನ್ನ ಡಬ್ಬಿಯಾಗ ಬರತೈತಿ. ಅಂವಾ ಇದರಾಗ ಬರತಾನ" ಎಂದರು.

ಆಮೇಲೆ ಇಪ್ಪತ್ತೆರಡು ವರ್ಷ ನಾನು ಇಲಾಖೆಯಲ್ಲಿ ದುಡಿದೆ. ಉತ್ತರ ಬಾರದ ಲೈನಿಗೆ ದೋಷದ ರಿಜಿಸ್ಟರಿನಲ್ಲಿ 'ಡೆಡ್' ಎಂದು ಬರೆಯುವುದು ನಮ್ಮಲ್ಲಿ ರೂಢಿ, ನಾನೂ ನೂರಾರು ಸಲ ಬರೆದವನೇ. ಗುಡಗೇರಿಯ ನಂತರ ಹಾಗೆ ಬರೆಯಲಿಲ್ಲ. 'ಉತ್ತರವಿಲ್ಲ' ಎಂದಷ್ಟೇ ಬರೆದೆ, ಬರೆದು, ಹೋಗಿ ನೋಡಿ ಬಂದೆ. ಆ ಕಡೆಯಿಂದ ಸದ್ದಿಲ್ಲ ಎಂದರೆ ಆ ಕಡೆ ಯಾರೂ ಇಲ್ಲ ಎಂದಲ್ಲ, ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಪ್ರಯೋಗದ ವರದಿಯ ಪ್ರತಿ ಈಗಲೂ ನನ್ನ ಬಳಿ ಇದೆ. ದೋಷಗಳ ಪಟ್ಟಿಯಲ್ಲಿ ಗುಡಗೇರಿಯ ಮುಂದೆ ನನ್ನದೇ ಅಕ್ಷರದಲ್ಲಿದೆ: ಪ್ರತಿದಿನ ಬೆಳಿಗ್ಗೆ ಆರೂವರೆಯಿಂದ ಆರೂ ಮುಕ್ಕಾಲರ ತನಕ ಸಂಪರ್ಕ ಸಿಗುವುದಿಲ್ಲ, ಕಾರಣ, ನಿಲ್ದಾಣ ಕೆಲಸದಲ್ಲಿದೆ.